ಹದಿನಾಲ್ಕನೇ ಹೇಳಿಕೆ

ಅಥಣಿ
10 ಜೂನ್ 2024

ಶ್ರೀಮತಿ ಕೋಮಲ ಚೌಗುಲಾ, ಬಿ.ಎಡ್. ಉಪನ್ಯಾಸಕರು, ನಿಪ್ಪಾಣಿ, ಇವರಿಗೆ.

‘ಸಂಗೀತ ಬೋಧೆ’ ತ್ರೈಮಾಸಿಕಕ್ಕೆ ನೀವು ಕಳಿಸಿದ ‘ಸಂಗೀತ ಪಾಠದಲ್ಲಿ ದಂಡನೆ: ಇಪ್ಪತ್ತೊಂದು ಮಂದಿ ಶಿಷ್ಯರ ಹೇಳಿಕೆಗಳು’ ಎಂಬ ಪ್ರಬಂಧ ತಲುಪಿದೆ. ಪದ್ಧತಿಯಂತೆ ನಿಮ್ಮ ಹೆಸರು ತೆಗೆದು ಇಬ್ಬರು ಪರಿಶೀಲಕರಿಗೆ ಕಳಿಸಿದ್ದೆ. ಇಬ್ಬರೂ ಪ್ರಕಟಿಸಬಹುದು ಎಂದಿದ್ದಾರೆ. ಸಂಪಾದಕಿಯಾಗಿ ನನ್ನದೊಂದು ಷರತ್ತಿದೆ.

ಹದಿನಾಲ್ಕನೇ ಹೇಳಿಕೆಯನ್ನು ತೆಗೆಯಬೇಕು. ಹನ್ನೆರಡು ವರ್ಷದ ಹುಡುಗ ತಪ್ಪು ನುಡಿಸಿದನೆಂದು ಗುರು ಹಾರ್ಮೋನಿಯಂ ಮುಚ್ಚಳವನ್ನು ಅವನ ಬೆರಳ ಮೇಲೆ ಅಪ್ಪಳಿಸಿದರು, ಎರಡು ಬೆರಳು ಮುರಿದವು ಎಂದು ಬರೆದಿದ್ದೀರಿ. ಗುರುವಿನ ಹೆಸರಿಲ್ಲ, ಊರಿಲ್ಲ, ಸಾಕ್ಷಿಯಿಲ್ಲ. ಇದು ಸಂಶೋಧನೆ ಅಲ್ಲ, ಚಾಡಿ.

ಸುಜಾತಾ ಮಗದುಮ್
ಸಂಪಾದಕಿ

ತಾ.ಕ. ಇಷ್ಟು ಸಂಪಾದಕಿ ಬರದದ್ದು. ಇನ್ನ ನಾ ಬರೀತೀನಿ. ಹೊಡತ ಹೊಡತ ಅಂತ ಮೂವತ್ತು ಪುಟ ಅತ್ತೀಯಲ್ಲ, ಹೊಡತ ತಿಂದಾಕಿನ್ನ ಒಬ್ಬಾಕಿನ್ನರೆ ನೋಡೀಯೇನ? ನಮ್ಮ ಗುರುಗಳು ಕೈಗೆ ಸಿಕ್ಕಿದ್ದರಲೆ ಹೊಡೀತಿದ್ರು. ತಬಲಾ ಬಿಗಿ ಮಾಡೂ ಸುತಗಿ, ಚಪ್ಪಲಿ, ಕುದಿಯೂ ಚಾದ ಕಪ್ಪು. ಒಮ್ಮೆ ಕಿವಿ ಹಿಂದ ಒಡದು ರಕ್ತ ಇಳದು ಕುಪ್ಪಸ ತೊಯ್ದಿತ್ತು. ನಾ ಹಾಡೂದು ನಿಲ್ಲಿಸಲಿಲ್ಲ. ಆ ಹೊಡತಕ್ಕ ಇವತ್ತು ನಾಕ ಮಂದಿಯೊಳಗ ಕುಂತೀನಿ. ನೀ ಪುಸ್ತಕ ಓದಿ ಪಾಠ ಮಾಡಾಕಿ, ಪೇಟಿ ಹಿಡದಾಕಿ ಅಲ್ಲ. ಹಾರ್ಮೋನಿಯಮ್ಮಿಗೆ ಈ ಕಡೆ ಪೇಟಿ ಅಂತಾರ, ಅದೂ ನಿನಗ ಗೊತ್ತಿಲ್ಲೇನೋ.

ಆ ಹದಿನಾಲ್ಕನೇ ಹುಡುಗ ಯಾರು? ನನಗ ಅಷ್ಟ ಹೇಳು.

ನಿಪ್ಪಾಣಿ
22 ಜೂನ್ 2024

ಮಗದುಮ್ ಬಾಯಿಯವರಿಗೆ ಜಯ ಜಿನೇಂದ್ರ.

ಫೋನ ಮಾಡಿದ್ರ ನೀವು ಎತ್ತೂದಿಲ್ಲ. ಪತ್ರಿಕಿ ಕೆಲಸ ಎಲ್ಲಾ ಕಾಗದದ ಮ್ಯಾಲ ಆಗಬೇಕು ಅಂತ ನಿಮ್ಮ ನೇಮ ಅಂತ. ಹಂಗಾದ್ರ ಕಾಗದದ ಮ್ಯಾಲನ ಜಗಳಾಡೂಣ್ರಿ. ಹದಿನಾಲ್ಕನೇ ಹೇಳಿಕಿ ನಾ ತಗಿಯೂದಿಲ್ಲ.

ಹುಡುಗನ ಹೆಸರು ಮಲಕಾರಿ. ಊರು ಮುಗಳಖೋಡ, ಕುರಿ ಸಾಕೂ ಮನಿತನ. ಈಗ ಇಪ್ಪತ್ತಾರು ವರ್ಷದಂವ. ಭಜನಿ ಮೇಳದಾಗ ಪೇಟಿ ನುಡಸ್ತಾನ, ಹೌದ್ರಿ, ಪೇಟಿ ಅನ್ನೂದು ನನಗೂ ಗೊತ್ತೈತಿ. ಸ್ವರ ನುಡಸೂದು ಎಡಗೈಲೆ, ಬಲಗೈಲೆ ಬರೇ ಗಾಳಿ ಹಾಕ್ತಾನ. ಬಲಗೈ ನಡುಬೆರಳು, ಉಂಗುರಬೆರಳು ಎರಡೂ ಡೊಂಕಾಗಿ ನಿಂತಾವು, ಮಡಚೂದಿಲ್ಲ.

ಕುರಿದಡ್ಡಿ ಮುಂದ ಕುಂತು ಎರಡ ತಾಸು ಮಾತಾಡಿದ. ಮುಚ್ಚಳ ಬಿದ್ದದ್ದು, ಅದರ ಮ್ಯಾಲ ಗುರು ಮೈಭಾರ ಹಾಕಿದ್ದು, ಬೆರಳ ಮುರದ ಮ್ಯಾಲ ‘ಹಾಡು’ ಅಂದದ್ದು, ಎಲ್ಲಾ ಹೇಳಿದ. ಯಾರು ಅಂತ ಕೇಳಿದ್ರ ಬಾಯಿ ಬಿಡಲಿಲ್ಲ. ಗುರುವಿನ ಮ್ಯಾಲ ದೂರು ಹೇಳಿದ ನಾಲಗಿಲೆ ಹಾಡಾಕ ಬರೂದಿಲ್ಲ್ರಿ ಅಕ್ಕಾರ ಅಂದ.

ಅದಕ್ಕ ನಾ ಒಂದು ಉಪಾಯ ಮಾಡಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆ ಸಂಗೀತ ಕಲಸೂ ಹದಿನೇಳು ಮಂದಿ ಹೆಸರು ನನ್ನ ಹಂತೇಕ ಇದ್ದವು. ಅವನ ಮಾರಿ ನೋಡ್ಕೋಂತ ಒಂದೊಂದ ಓದಿದೆ. ಹನ್ನೊಂದು ಹೆಸರಿಗೆ ಏನೂ ಆಗಲಿಲ್ಲ. ಹನ್ನೆರಡನೇದು ಓದಿದ ಕೂಡಲೇ ತಲಿ ತಗ್ಗಿಸಿ ಕಿವಿ ಹಿಡಕೊಂಡ. ಆ ಡೊಂಕ ಬೆರಳಲೇ. ಸಾಲಿಯೊಳಗ ಹೊಡತ ತಿಂದ ಹುಡುಗೂರು ಹಿಂಗ ಕಿವಿ ಹಿಡಕೊಳ್ಳೂದು ನಾ ಸಾವಿರ ಸಲ ನೋಡೀನಿ. ಹದಿನಾಲ್ಕು ವರ್ಷ ಆದ್ರೂ ಅಂಜಿಕಿ ಮೈಯಾಗಿಂದ ಹೋಗಿಲ್ಲ. ನನಗ ಕಣ್ಣಾಗ ನೀರು ಬಂತು.

ಆ ಹೆಸರು ಪ್ರಬಂಧದಾಗ ಹಾಕಿಲ್ಲ. ಸಂಪಾದಕರಿಗೆ ಮುಚ್ಚಿಡಬಾರದು ಅಂತ ನಿಮಗ ಹೇಳ್ತೀನಿ. ಕಾಗವಾಡದ ಲಾಲಸಾಬ ಮುಲ್ಲಾ. ನೀವಿಬ್ಬರೂ ಒಬ್ಬರ ಗುರುಗಳ ಕಡೆ ಕಲತವರು ಅಂತ ಕೇಳೀನಿ. ಲಾಲಸಾಬರ ಸ್ವಭಾವ ಹೆಂಗಿತ್ತು ಅಂತ ನಿಮಗ ಗೊತ್ತಿದ್ರ ಬರೀರಿ.

ನಿಮ್ಮ ಹೆಸರು ಆ ಪಟ್ಟಿಯೊಳಗ ಇರಲಿಲ್ಲ್ರಿ. ಸಂಪಾದಕರನ್ನ ಅಂಥಾ ಪಟ್ಟಿಯೊಳಗ ಸೇರಸೂದು ಮರ್ಯಾದಿ ಅಲ್ಲ ಅಂತ ಬಿಟ್ಟಿದ್ನಿ.

ನಿಮ್ಮ
ಕೋಮಲ

ಅಥಣಿ
30 ಜೂನ್ 2024

ಕೋಮಲ,

ನಾ ಸಂಪಾದಕಿ ಕೆಲಸ ಬಿಟ್ಟೀನಿ. ಹತ್ತೊಂಬತ್ತು ವರ್ಷ ಆತು, ಸಾಕು. ಕಣ್ಣ ಸೋತಾವು, ಅಚ್ಚಿನ ಕರಡು ಓದಾಕ ಆಗವಲ್ತು. ದಿಗ್ಗೇವಾಡಿಯೊಳಗ ತಂಗಿ ಶೇವಂತಾ ಇದ್ದಾಳ, ಆಕಿ ಮನಿಗೆ ಹೊಂಟೀನಿ. ಮುಂದ ಯಾರನ್ನ ಹಾಕೂಣು ಅಂತ ಮಂಡಳಿಯವರು ಕೇಳಿದ್ರು. ನಿನ್ನ ಹೆಸರು ಹೇಳೀನಿ. ನಿನಗ ಮುಲಾಜಿಲ್ಲ, ಅದು ಬೇಕು. ಕಡತ, ಸೀಲು, ಹಳೇ ಸಂಚಿಕೆ ಎಲ್ಲಾ ಟ್ರಂಕಿನಾಗ ಹಾಕಿ ನಿಪ್ಪಾಣಿ ಬಸ್ಸಿಗೆ ಏರಿಸೀನಿ.

ಹದಿನಾಲ್ಕನೇ ಹೇಳಿಕಿ ಇಡ್ತೀಯೋ ತಗೀತೀಯೋ, ಈಗ ನಿನಗ ಬಿಟ್ಟದ್ದು. ನಿನಗ ತಿಳದ ಹೆಸರು ಮಾತ್ರ ಯಾರ ಮುಂದೂ ಆಡಬ್ಯಾಡ.

ಪಟ್ಟಿಯೊಳಗ ನನ್ನ ಹೆಸರು ಓದಬೇಕಿತ್ತು ನೀನು. ಓದಿದ್ರ ಅಂವ ಏನ ಮಾಡ್ತಿದ್ದನೋ.

ಸುಜಾತಾ

ನಿಪ್ಪಾಣಿ
19 ಜುಲೈ 2024

ಬಾಯಿಯವರಿಗೆ,

ಟ್ರಂಕು ಮುಟ್ಟಿ ಎರಡು ವಾರದ ಮ್ಯಾಲ ಆತು. ಉಪಕಾರ ನೆನೆಸಿ ಪತ್ರ ಬರೀಬೇಕು, ಪಟ್ಟಿಯೊಳಗ ಹೆಸರು ಬಿಟ್ಟದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ಹೇಳಬೇಕು ಅಂದ್ಕೊಂಡಿದ್ನಿ. ಈಗ ಬ್ಯಾರೇನ ಬರೀಬೇಕಾಗೇತಿ. ಅವಸರದಾಗ ಬರದೀನಿ, ಅಕ್ಷರ ನೋಡಿ ಬೈಬ್ಯಾಡ್ರಿ.

ನಿನ್ನೆ ಗುರುವಾರ ಕಾಗವಾಡದಾಗ ಲಾಲಸಾಬರ ಬೆರಳು ಮುರದಾರ. ಏಳು ಬೆರಳು.

ಮುಂಜಾನಿ ಪಾಠ ನಡದಿತ್ತಂತ. ಮಲಕಾರಿಯ ಅಣ್ಣ ಅಮೋಘಸಿದ್ದ, ಅವನ ಕೂಡ ಇನ್ನಿಬ್ಬರು ಒಳಗ ನುಗ್ಗಿದ್ರು. ಕಲಿಯೂ ಹುಡುಗೂರ್ನ ಹೊರಗ ದಬ್ಬಿ ಚಿಲಕಾ ಹಾಕಿದ್ರು. ಲಾಲಸಾಬರ ಹೆಂಡತಿ ಸಕೀನಾಬಿ ಅಡ್ಡ ಬಂದ್ರು, ಅವರ ಎದಿಗೆ ಕುರಿ ಕಾಯೂ ಬಡಿಗಿ ಒತ್ತಿ ಗ್ವಾಡಿಗೆ ಹಚ್ಚಿ ನಿಲ್ಲಿಸಿದ್ರು. ಅಮೋಘಸಿದ್ದ ಲಾಲಸಾಬರ ಎರಡೂ ಕೈ ಹಿಡದು ಪೇಟಿ ಮ್ಯಾಲ ಇಟ್ಟ. ಮುಚ್ಚಳ ಹಾಕಿದ. ಅದರ ಮ್ಯಾಲ ಮೊಣಕಾಲು ಊರಿ ನಿಂತ. ಆಮ್ಯಾಲ ‘ಹಾಡೋ ಮುದುಕಾ’ ಅಂದ.

ಅರವತ್ತಾರು ವರ್ಷದ ಮನಶ್ಯಾ. ‘ನಾ ಮಾಡಿಲ್ಲ’ ಅಂತ ಒಂದ ಮಾತ ಅನ್ನಲಿಲ್ಲಂತ. ಮಾಡದಿದ್ದಂವ ಸುಮ್ಮನಿರ್ತಾನೇನ್ರಿ ಅಂತ ಇಲ್ಲಿ ಎಲ್ಲಾರೂ ಕೇಳಾಕತ್ತಾರ. ನಾನೂ ಹಂಗ ಕೇಳ್ಕೋತೀನಿ. ಕೇಳ್ಕೊಂಡ್ರ ನಿದ್ದಿ ಬರ್ತೈತಿ.

ನಿಮಗ ಒಂದು ಮುಚ್ಚಿಟ್ಟೀನಿ. ಅಮೋಘಸಿದ್ದನಿಗೆ ಹೆಸರು ಹೇಳಿದಾಕಿ ನಾನು. ಜುಲೈ ಐದಕ್ಕ ಸಹಿ ಹಾಕಿಸ್ಕೊಳ್ಳಾಕ ಮುಗಳಖೋಡಕ್ಕ ಹೋಗಿದ್ನಿ, ಮಲಕಾರಿ ಮನಿಯಾಗ ಇರಲಿಲ್ಲ. ಅಣ್ಣ ಕೇಳಿದ, ಅದರಾಗ ಏನ ಬರದೀರಿ ಅಂತ. ಹೇಳಿಕಿ ಪೂರಾ ಓದಿ ಹೇಳಿದೆ. ತಮ್ಮ ಬಾಗಿಲಾಗ ಬೆರಳು ಸಿಕ್ಕಿತು ಅಂತ ಇಷ್ಟು ವರ್ಷ ಸುಳ್ಳ ಹೇಳಿದ್ದನಂತ. ಅಣ್ಣ ಆ ವರ್ಷ ಕುರಿ ಹೊಡಕೊಂಡು ದೂರ ಹೋಗಿದ್ದ. ವಾಪಸ ಬಂದಾಗ ತಮ್ಮ ಕಾಗವಾಡದಾಗಿದ್ದ, ಬೆರಳು ಡೊಂಕಾಗಿದ್ದವು. ಅದಕ್ಕೂ ಮೊದಲ ಎಲ್ಲೋ ಅಥಣಿ ಕಡೆ ಕಲೀತಿದ್ದ ಅಂದ. ನಾ ಅದನ್ನ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ. ‘ಮುಚ್ಚಳ ಹಾಕಿದಂವ ಆ ಲಾಲಸಾಬನೇನು’ ಅಂತ ಕೇಳಿದ. ಹೂಂ ಅಂದೆ. ಅಂವ ಎದ್ದು ಹೋಗಿ ಹಿಂಡಿನಾಗಿನ ಒಂದು ಟಗರಿನ ಕೊಂಬು ಹಿಡದು ನಿಂತ. ಬಾಳೊತ್ತು ನಿಂತ. ಆಗನ ನನಗ ತಿಳೀಬೇಕಿತ್ತು.

ನಾ ಓದಿ ಹೇಳಿದ್ದನ್ನ ಅಂವ ಒಂದೊಂದಾಗಿ ಮಾಡ್ಯಾನ್ರಿ. ಮುಚ್ಚಳ, ಮೈಭಾರ, ಹಾಡು ಅನ್ನೂದು. ನನ್ನ ಪ್ರಬಂಧದಾಗ ಬರದಂಗನ.

ನೀವು ಯಾರ ಮುಂದೂ ಆಡಬ್ಯಾಡ ಅಂದಿದ್ರಿ. ನಿಮಗಿದ್ದ ಶಾಣ್ಯಾತನ ನನಗ ಇರಲಿಲ್ಲ.

ಕೋಮಲ

ದಿಗ್ಗೇವಾಡಿ
24 ಜುಲೈ 2024

ಕೋಮಲ,

ಪತ್ರ ಮುಟ್ಟಿತು. ಲಾಲಸಾಬ ಯಾವ ದವಾಖಾನಿಯೊಳಗ ಇದ್ದಾನ? ಏನರೆ ಮಾತಾಡಿದನೇನು? ಯಾರದರೆ ಹೆಸರು ತಗದನೇನು?

ಲಗೂನ ಬರಿ.

ಸುಜಾತಾ

ನಿಪ್ಪಾಣಿ
6 ಆಗಸ್ಟ್ 2024

ಮಗದುಮ್ ಬಾಯಿ,

ಮಿರಜದಾಗ ಇದ್ದಾರ. ಬೆರಳಿನಾಗ ಸರಳು ಹಾಕ್ಯಾರ. ಯಾರ ಹೆಸರೂ ತಗದಿಲ್ಲ. ಅಮೋಘಸಿದ್ದ ಜೇಲಿನಾಗ ಇದ್ದಾನ.

ಮೊನ್ನೆ ಶನಿವಾರ ಮಲಕಾರಿ ನನ್ನ ಕಾಲೇಜಿಗೆ ಬಂದಿದ್ದ. ಪಾಠ ನಡದಿತ್ತು. ನೆಟ್ಟಗ ಒಳಗ ಬಂದು ಟೇಬಲ್ಲಿಗೆ ಒದ್ದ. ಸಹಿಗಂತ ಅವನ ಮನಿಯಾಗ ಬಿಟ್ಟು ಬಂದಿದ್ದ ನನ್ನ ಪ್ರಬಂಧದ ಪ್ರತಿಯನ್ನ ನಲವತ್ತು ಮಂದಿ ವಿದ್ಯಾರ್ಥಿಗಳ ಮುಂದ ಹರದು ನನ್ನ ಮಾರಿ ಮ್ಯಾಲ ಒಗದ. ‘ನನ್ನ ಕೈ ಉಳಿಸಿದ ದೇವರಂಥಾವ್ರ ಕೈ ಮುರಸಿದೆಲ್ಲಬೇ’ ಅಂದ. ಹುಡುಗೂರು ಅವನ್ನ ಹಿಡದು ಹೊಡ್ಯಾಕ ಹೋದ್ರು, ನಾ ಬಿಡಿಸಿದೆ. ಒಬ್ಬಾಂವ ಹೊಡದ ಏಟಿಗೆ ಅವನ ತುಟಿ ಒಡದಿತ್ತು. ಒಡದ ತುಟಿಲೇ ಮಾತಾಡಿದ.

ಲಾಲಸಾಬರು ಬೆರಳ ಮುರದವರಲ್ಲ, ಮುರದ ಬೆರಳ ಕಟ್ಟಿದವರು ಅಂದ. ಬಲಗೈ ಹೋತು ಅಂತ ಪೇಟಿ ಬಿಡ್ತಿದ್ದ ಹುಡುಗನ್ನ ಕಾಗವಾಡದಾಗ ಮನಿಯೊಳಗ ಇಟ್ಕೊಂಡು ಎಡಗೈಲೆ ನುಡಸಾಕ ಕಲಿಸ್ಯಾರ. ಅವನ ಸಂಗಾಟ ತಾವೂ ಎಡಗೈಲೆ ನುಡಸಾಕ ಕಲತಾರ. ಹೆಂಗ ಬೆರಳ ಇಡಬೇಕು ಅಂತ ತಿಳಕೊಳ್ಳಾಕ.

ಹಂಗಾದ್ರ ಅವರ ಹೆಸರಿಗೆ ಕಿವಿ ಯಾಕ ಹಿಡಕೊಂಡಿ ಅಂತ ಕೇಳಿದೆ. ಅಂವ ನನ್ನ ಮಾರಿ ನೋಡಿದ. ‘ಗುರುವಿನ ಹೆಸರು ಕಿವಿ ಮ್ಯಾಲ ಬಿದ್ರ ಕಿವಿ ಮುಟ್ಟಿಕೋಬೇಕ್ರಿ, ಅದು ಮರ್ಯಾದಿ. ಪೇಟಿ ಹಿಡದ ಕೂಸಿಗೂ ಗೊತ್ತು’ ಅಂದ.

ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದ ನಾ ಒಬ್ಬ ಮುದುಕನ ಕೈ ಮುರಸೀನಿ. ಅದರ ಭಾರ ನಾ ಹೊರತೀನಿ.

ಈಗ ನಿಮ್ಮ ಮಾತು. ಜೂನ್ 22ಕ್ಕ ನಾ ನಿಮಗ ಬರದೀನಿ, ಅಂವ ಕಿವಿ ಹಿಡಕೊಂಡ ಅಂತ, ಲಾಲಸಾಬರ ಹೆಸರಿಗೆ ಹಿಡಕೊಂಡ ಅಂತ. ನಲವತ್ತು ವರ್ಷ ಹಾಡಿದವರು ನೀವು. ಓದಿದ ಕೂಡಲೇ ನಿಮಗ ತಿಳದಿರಬೇಕು, ಈ ಹುಚ್ಚಿ ತಪ್ಪು ತಿಳಕೊಂಡಾಳ ಅಂತ. ಒಂದ ಸಾಲು ಯಾಕ ಬರೀಲಿಲ್ಲ? ಕಣ್ಣು ಸೋತಾವು ಅನ್ನಬ್ಯಾಡ್ರಿ, ನಿಮ್ಮ ಅಕ್ಷರ ನನಕಿಂತ ಚಂದ ಅದಾವು.

ಮಲಕಾರಿ ಲಾಲಸಾಬರ ಕಡೆ ಹೋಗೂದಕಿಂತ ಮೊದಲ ಅಥಣಿಯೊಳಗ ಯಾರ ಕಡೆ ಕಲೀತಿದ್ದ?

ಕೋಮಲ ಚೌಗುಲಾ

ದಿಗ್ಗೇವಾಡಿ
12 ಆಗಸ್ಟ್ 2024

ಕೋಮಲ,

ನನ್ನ ಕಡೆ. ಮುಚ್ಚಳ ಹಾಕಿದಾಕಿ ನಾನು.

ಆರು ವರ್ಷದಂವ ಇದ್ದಾಗ ಅವನ ಅವ್ವ ತಂದು ಬಿಟ್ಟಿದ್ಲು. ಅಂಥಾ ಕೊರಳು ನಾ ಮತ್ತ ಕೇಳಿಲ್ಲ. ಕೈ ಹಿಡದು ಅವನ ಕಿವಿಗೆ ಹಚ್ಚಿ, ಗುರುವಿನ ಹೆಸರು ಬಂದಾಗ ಹಿಂಗ ಮುಟ್ಟಿಕೋಬೇಕು ಅಂತ ಕಲಿಸಿದಾಕಿನೂ ನಾನ. ಅದಕ್ಕ ನಿನ್ನ ಪತ್ರ ಓದಿದ ಕೂಡಲೇ ತಿಳೀತು. ತಿಳಿಯೂದೇನು, ಕಣ್ಣಿಗೆ ಕಂಡಂಗಾತು.

2010ರ ಶ್ರಾವಣ. ಚಿಕ್ಕೋಡಿ ಸ್ಪರ್ಧೆಗೆ ನಾಕ ದಿನ ಇತ್ತು. ಭೂಪ ರಾಗ ನುಡಿಸಿ ಹಾಡಬೇಕಾಗಿತ್ತು ಅಂವ. ಆ ರಾಗದಾಗ ಮಧ್ಯಮ ಅನ್ನೂ ಸ್ವರ ಇಲ್ಲ, ಅದನ್ನ ಮುಟ್ಟಬಾರದು. ಮುಟ್ಟಿದ. ಬೈದೆ. ಮತ್ತ ಮುಟ್ಟಿದ. ಕಪಾಳಕ್ಕ ಹೊಡದೆ. ಮೂರನೇ ಸಲ ಮುಟ್ಟಿದಾಗ ನಾ ಎದ್ದು ಮುಚ್ಚಳ ಎತ್ತಿ ಹಾಕಿದೆ. ಅಷ್ಟಕ್ಕ ಬಿಟ್ಟಿದ್ರ ನೀಲಿಗಟ್ಟಿ ಹೋಗತಿತ್ತು. ಬಿಡಲಿಲ್ಲ. ಎರಡೂ ಕೈ ಊರಿ ಮೈಭಾರ ಹಾಕಿದೆ. ಒಳಗ ಸ್ವರ ಎಲ್ಲಾ ಕೂಡಿ ಒದರಿದವು, ಅದರ ನಡುವ ಹಸಿ ಕಟ್ಟಿಗಿ ಮುರದಂಗ ಒಂದು ಸಪ್ಪಳ. ನನಗ ಕೇಳಿತು. ಕೇಳಿದ ಮ್ಯಾಲೂ ಎರಡ ಉಸಿರು ಹಂಗ ನಿಂತಿದ್ನಿ.

ಅಂವ ಚೀರಲಿಲ್ಲ. ಚೀರಬಾರದು ಅಂತ ಅದನ್ನೂ ನಾನ ಕಲಿಸಿದ್ನಿ. ‘ಹಾಡು’ ಅಂದೆ. ಹಾಡಿದ. ಬರೋಬರಿ ಹಾಡಿದ, ಮಧ್ಯಮ ಮುಟ್ಟಲಿಲ್ಲ. ನನಗ ಖುಷಿ ಆತು, ಕೋಮಲ. ಬೆರಳಿನಿಂದ ರಕ್ತ ಸೋರಾಕತ್ತಿತ್ತು, ನನಗ ಖುಷಿ ಆತು. ಇದನ್ನ ನಾ ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ.

ಆ ಹೊತ್ತಿಗೆ ಸರಿಯಾಗಿ ಲಾಲಸಾಬ ಬಂದ, ಸ್ಪರ್ಧೆಯ ಚೀಟಿ ಕೊಡಾಕ. ತಲಿ ಮ್ಯಾಗಿನ ರುಮಾಲು ಬಿಚ್ಚಿ ಹುಡುಗನ ಕೈಗೆ ಸುತ್ತಿದ. ಸೈಕಲ್ ಮೋಟಾರ ಮ್ಯಾಲ ಮುಂದ ಕುಂಡ್ರಿಸಿಕೊಂಡ. ಹೊಂಟಾಗ ಒಂದ ಮಾತು ಅಂದ. ‘ಪೇಟಿಗೆ ಮುಚ್ಚಳ ಇರೂದು ಧೂಳ ಬೀಳಬಾರದು ಅಂತ, ಸುಜಾತಾ.’ ಆ ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಅಂವ ನನ್ನ ಹೆಸರು ಎಲ್ಲೂ ತಗದಿಲ್ಲ. ನಾ ಅವನ ಉಪಕಾರ ಎಲ್ಲೂ ನೆನಸಿಲ್ಲ.

ನಿನ್ನ ಪ್ರಬಂಧ ಬಂದಾಗ ಹದಿನಾಲ್ಕನೇದು ಓದಿ ಗುರುತು ಹಿಡದೆ. ತಗಿ ಅಂದೆ. ನೀ ತಗೀಲಿಲ್ಲ. ತನಗ ಸಂಬಂಧ ಇರೂ ಪ್ರಬಂಧವನ್ನ ಸಂಪಾದಕ ಮುಟ್ಟಬಾರದು ಅಂತ ಪತ್ರಿಕಿಯೊಳಗ ಒಂದು ನೇಮ ಐತಿ, ಅದನ್ನ ಬರದಾಕಿ ನಾನ. ನೇಮ ಪಾಲಿಸಿದೆ. ಎದ್ದು ಹೋದೆ. ಮರ್ಯಾದಸ್ಥರು ಹಿಂಗ ಮಾಡ್ತಾರ ಅಂತ ನನ್ನಷ್ಟಕ್ಕ ನಾ ಹೇಳ್ಕೊಂಡೆ.

ಯಾಕ ಬರೀಲಿಲ್ಲ ಅಂತ ಕೇಳೀದಿ. ಲಾಲಸಾಬನ ಹೆಸರಿಗೆ ಅಂವ ಕಿವಿ ಮುಟ್ಟಿಕೊಂಡ ಅಂತ ಓದಿದಾಗ ನನಗ ಮೊದಲ ಬಂದದ್ದು ಹೊಟ್ಟಿಕಿಚ್ಚು. ಆರು ವರ್ಷ ಉಣಿಸಿ ಕಲಿಸಿದಾಕಿ ನಾನು. ಎರಡನೇದು ಬಂದದ್ದು, ಪಾರಾದೆ ಅನ್ನೂದು. ಅಣ್ಣನಿಗೆ ನೀ ಹೇಳ್ತಿ ಅಂತ ನನಗ ಗೊತ್ತಿರಲಿಲ್ಲ. ಆದ್ರ ಯಾರಿಗೋ ಹೇಳ್ತಿ ಅಂತ ಗೊತ್ತಿತ್ತು. ಕಣ್ಣಿಗೆ ಏನೂ ಆಗಿಲ್ಲ.

ನಿನ್ನ ಮ್ಯಾಲೂ ನನಗ ಸಿಟ್ಟೈತಿ. ಕಿವಿ ಯಾಕ ಹಿಡಕೊಂಡೆಪಾ ಅಂತ ಅವನ್ನ ಅವತ್ತ ಕೇಳಿದ್ರ ಮುಗೀತಿತ್ತು. ಮೂವತ್ತು ಪುಟ ಬರದಿ, ಅದೊಂದ ಮಾತ ಕೇಳಲಿಲ್ಲ ನೀನು.

ನಾಳೆ ಕಾಗವಾಡಕ್ಕ ಹೊಂಟೀನಿ, ಪೊಲೀಸರ ಮುಂದ ಹೇಳಿಕಿ ಕೊಡಾಕ. ಸಂಪಾದಕರು ಹೋಗೂ ಮುಂದ ಒಂದು ಬೀಳ್ಕೊಡುಗೆ ಮಾತು ಬರೀತಾರಲ್ಲ, ನಾ ಬರೀದ ಹೋಗಿದ್ನಿ. ಈಗ ಬರದೀನಿ. ಮೊದಲನೇ ಪುಟಕ್ಕ ಹಾಕು. ಒಂದು ಅಕ್ಷರ ತಿದ್ದಬ್ಯಾಡ.

‘ಓದುಗರಿಗೆ. ಈ ಸಂಚಿಕೆಯ ಹದಿನಾಲ್ಕನೇ ಹೇಳಿಕೆಯಲ್ಲಿ ಬರುವ ಗುರು ನಾನು. ಶಿಷ್ಯನ ಬೆರಳು ಮುರಿದವಳು ನಾನು. ಅವನನ್ನು ಎತ್ತಿಕೊಂಡು ಹೋಗಿ ಮತ್ತೆ ನುಡಿಸಲು ಕಲಿಸಿದವರು ಕಾಗವಾಡದ ಲಾಲಸಾಬ ಮುಲ್ಲಾ. ನಾನು ಬಾಯಿ ಮುಚ್ಚಿಕೊಂಡದ್ದರಿಂದ ಅವರ ಏಳು ಬೆರಳು ಮುರಿದವು. ಹೇಗೆ ಕಲಿಸಬೇಕು ಎಂದು ಈ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷ ಬರೆದೆ. ನನಗೆ ಆ ಹಕ್ಕಿರಲಿಲ್ಲ. ಸುಜಾತಾ ಮಗದುಮ್, ಅಥಣಿ.’

ಅಚ್ಚಾದ ಮ್ಯಾಲ ಮಲಕಾರಿ ಮುಂದ ಓದು. ಕಡೀಗೆ ನನ್ನ ಹೆಸರು ಬರ್ತೈತಿ, ನೀ ಪಟ್ಟಿಯೊಳಗ ಬಿಟ್ಟ ಹೆಸರು. ಆಗ ಅಂವ ಏನ ಮಾಡಿದ ಅಂತ ನನಗ ಬರಿ. ಬ್ಯಾರೇ ಏನೂ ಬ್ಯಾಡ. ನನ್ನ ಮನಸ್ಸಿಗೆ ಹಿತ ಆಗಲಿ ಅಂತ ಬಣ್ಣ ಹಚ್ಚಬ್ಯಾಡ.

ಸುಜಾತಾ

ನಿಪ್ಪಾಣಿ
2 ಅಕ್ಟೋಬರ್ 2024

ಮಗದುಮ್ ಬಾಯಿ,

ಸಂಚಿಕೆ ಬಂದೈತಿ. ನಿಮ್ಮ ಮಾತು ಮೊದಲನೇ ಪುಟದಾಗ ಐತಿ, ಒಂದು ಅಕ್ಷರ ತಿದ್ದಿಲ್ಲ. ಅದರ ಕೆಳಗ ನನ್ನ ತಪ್ಪು ನಾ ಬರದೀನಿ. ಒಂದು ಪ್ರತಿ ಇದರ ಕೂಡ ಕಳಿಸೀನಿ. ಮಂಡಳಿಯ ಮೂರು ಮಂದಿ ರಾಜೀನಾಮಿ ಕೊಟ್ಟಾರ, ಅಥಣಿಯೊಳಗ ನಿಮ್ಮ ಮನಿ ಬಾಗಿಲಿಗೆ ಯಾರೋ ಕಲ್ಲು ಹೊಡದಾರ, ಕಿಡಕಿ ಗಾಜು ಒಡದಾವು. ನೀವು ಕಾಗವಾಡಕ್ಕ ಹೋದಾಗ ಸಕೀನಾಬಿ ಹೊಸ್ತಿಲಾ ದಾಟಗೊಡಲಿಲ್ಲ ಅಂತನೂ ಗೊತ್ತಾತು. ನನಗ ದಾಟಗೊಟ್ರು. ಒಂದ ಗ್ಲಾಸು ನೀರು ಮಾತ್ರ ಕೊಡಲಿಲ್ಲ.

ನಿನ್ನೆ ಲಾಲಸಾಬರ ಮನಿಯೊಳಗ ಓದಿದೆ. ಲಾಲಸಾಬರು ಹಾಸಿಗಿ ಮ್ಯಾಲ ಗ್ವಾಡಿಗೆ ಆತು ಕುಂತಿದ್ರು, ಎರಡೂ ಕೈ ಉಡಿಯೊಳಗ ಇಟ್ಕೊಂಡು. ಸರಳು ತಗದಾರ, ಬೆರಳು ಇನ್ನ ಮಡಚೂದಿಲ್ಲ. ಊಟಾ ಸಕೀನಾಬಿನ ಮಾಡಸ್ತಾರ. ಜಾಮೀನಿನ ಮ್ಯಾಲ ಬಂದ ಅಮೋಘಸಿದ್ದ ಹೊರಗ ಕಟ್ಟಿ ಮ್ಯಾಲ ಕುಂತಿದ್ದ, ಒಳಗ ಕರದ್ರ ಬರಲಿಲ್ಲ. ಮಲಕಾರಿ ಲಾಲಸಾಬರ ಕಾಲಕಡೆ ಕುಂತಿದ್ದ.

ನಿಂತು ಓದಿದೆ. ‘ಬೆರಳು ಮುರಿದವಳು ನಾನು’ ಅಂತ ಓದಿದೆ. ಒಳಗಿದ್ದ ಮೂವರಿಗೂ ಮೊದಲಿಂದ ಗೊತ್ತಿದ್ದ ಮಾತು ಅದು, ಕಟ್ಟಿ ಮ್ಯಾಲಿನಂವ ಮಾತ್ರ ನಿಮ್ಮ ಮಾತಿನಾಗ ಮೊದಲನೇ ಸಲ ಕೇಳಿದ. ಅಂವ ಎದ್ದು ನಿಂತ ಸಪ್ಪಳ ಕೇಳಿತು. ಒಳಗಿಂದ ಲಾಲಸಾಬರು ‘ಕುಂಡ್ರೋ, ಸಾಕು’ ಅಂದ್ರು. ಕುಂತ.

ಲಾಲಸಾಬರ ಹೆಸರು ಬಂದಾಗ ಮಲಕಾರಿ ಕಿವಿ ಮುಟ್ಟಿಕೊಂಡ.

ಆಮ್ಯಾಲ ನಿಮ್ಮ ಹೆಸರು ಓದಿದೆ. ಕೇಳೀರಂತ ಬರೀತೀನಿ, ಕಂಡಷ್ಟ ಬರೀತೀನಿ. ಅವನ ಬಲಗೈ ಎದ್ದಿತು. ಕಿವಿ ಹತ್ರ ಬಂತು. ಅಲ್ಲಿ ನಿಂತಿತು. ಎಡಗೈಲೆ ಆ ಬಲಗೈ ಮಣಿಕಟ್ಟು ಹಿಡದ, ಕೆಳಗ ಎಳದು ತೊಡಿ ಮ್ಯಾಲ ಒತ್ತಿ ಇಟ್ಕೊಂಡ. ನಾ ಓದಿ ಮುಗಿಸಿ ಹಾಳಿ ಮಡಚಿದ ಮ್ಯಾಲೂ ಬಿಡಲಿಲ್ಲ.

ಯಾಕ ಹಂಗ ಮಾಡಿದಿ ಅಂತ ಈ ಸಲ ನಾ ಕೇಳಿದೆ.

‘ಬೆರಳ ಮುರದ ಮ್ಯಾಲೂ ಹದಿನಾಲ್ಕು ವರ್ಷ ಮುಟ್ಟೀನಿ ಅಕ್ಕಾರ. ಇನ್ನ ಬ್ಯಾಡ’ ಅಂದ.

ಕೋಮಲ